ತಿರುಗಿ ಕೂತ ವೂಫರ್

ಹಸಿಂತೊ ಮೊದಲು ಮಾತಾಡಿದ್ದು ಎರಡು ಕಾಲುಗಳ ಜೊತೆ. ಕೂಕೊನ ಕಾರ್ ಸ್ಟೀರಿಯೊ ಅಂಗಡಿಯಲ್ಲಿ ಆ ಹೊತ್ತಿಗೆ ಕಾಣುತ್ತಿದ್ದದ್ದು ಅವೆರಡೇ. ಉಳಿದ ದೇಹ ಒಂದು ಹಳೇ ಟ್ರಕ್ಕಿನ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಕೊಂಡಿತ್ತು.

"ಅಣ್ಣಾ, ನನ್ನ ಕಾರಿಗೆ ಎರಡು ದೊಡ್ಡ ವೂಫರ್ ಸ್ಪೀಕರ್ ಕೂರಿಸಬೇಕಿತ್ತು. ವೈರಿಂಗ್ ಮಾಡೋದು ನೀವೇ ತಾನೆ?"

"ಹೂಂ." ಬಾಯಲ್ಲಿ ತಂತಿ ಕಚ್ಚಿಕೊಂಡವರ ದನಿ.

"ಸ್ವಲ್ಪ ನೋಡಿ ಮಾಡ್ಕೊಡಿ ಅಣ್ಣಾ. ಇಲ್ಲಿ ಈಗ ಯಾರೋ ಹುಡುಗೀನೂ ಕೆಲಸಕ್ಕೆ ಕೈ ಹಾಕ್ತಾಳಂತೆ. ಅವಳಿಗೆ ಮಾತ್ರ ಕೊಡಬೇಡಿ."

ಕಾಲುಗಳು ಅಲುಗಾಡದೆ ನಿಂತವು. ಆಮೇಲೆ ನಿಧಾನವಾಗಿ ಮೊಣಕಾಲು ಬಂತು, ಜೇಬು ತುಂಬ ಸ್ಕ್ರೂಡ್ರೈವರುಗಳಿದ್ದ ಪ್ಯಾಂಟು ಬಂತು, ಉದ್ದನೆಯ ಜಡೆ ಬಂತು, ಕೊನೆಗೆ ಹಲ್ಲಿನ ನಡುವೆ ಕೆಂಪು ತಂತಿ ಕಚ್ಚಿಕೊಂಡ ಒಂದು ಮುಖ ಬಂತು. ಅವಳು ತಂತಿಯನ್ನು ಬಾಯಿಂದ ತೆಗೆದು ಶಾಂತವಾಗಿ ಹೇಳಿದಳು.

"ಆಯ್ತು, ಅವಳಿಗೆ ಕೊಡಲ್ಲ. ನಾನೇ ಮಾಡ್ತೀನಿ."

ಹಸಿಂತೊನ ಕಿವಿ ಕೆಂಪಾಯಿತು. ಆ ತಂತಿಗಿಂತ ಕೆಂಪು ಎಂದು ಆ ಹುಡುಗಿ, ಒಡಿಲಿಯ, ಮನಸ್ಸಿನಲ್ಲೇ ಅಳೆದುಕೊಂಡಳು.

ಕೂಕೊ ಅವಳ ಸೋದರಮಾವ. ಸ್ಯಾನ್ ಆಂಟೋನಿಯೊ ನಗರದ ಪಶ್ಚಿಮದ ಬೀದಿಗಳಲ್ಲಿ ಹಾಡಿನ ಸದ್ದಿನಿಂದ ದಾರಿಹೋಕರ ಎದೆ ನಡುಗಿಸಿಕೊಂಡು ಓಡಾಡುವ ಕಾರುಗಳಲ್ಲಿ ಅರ್ಧಕ್ಕರ್ಧ ಅವನ ಕೈ ದಾಟಿ ಬಂದವು. ಈಗ ಅವನ ಮಂಡಿಗಳು ಮಾತು ಕೇಳುತ್ತಿರಲಿಲ್ಲ. ಹಸಿಂತೊ ಕಾರು ಬಿಟ್ಟು ಹೋದ ಮೇಲೆ ಅವನು ಸೊಸೆಯನ್ನು ಕರೆದು ಕೂರಿಸಿದ.

"ನೋಡು ಮಗಳೇ, ಈ ಕಾರಿನ ಕೆಲಸ ಪೂರ್ತಿ ನಿಂದು. ನಾನು ಹತ್ರಾನೂ ಬರಲ್ಲ. ಭಾನುವಾರ ಪಾರ್ಕಿನ ಪಕ್ಕ ಎಲ್ಲರೂ ಕಾರು ನಿಲ್ಲಿಸಿ ಹಾಡು ಹಾಕ್ತಾರಲ್ಲ, ಅಲ್ಲಿ ಇದು ಹಾಡಬೇಕು. ಹಾಡಿದ್ರೆ ಸೋಮವಾರದಿಂದ ವೈರಿಂಗ್ ಮೇಜು ನಿನಗೆ. ಇಲ್ಲಾಂದ್ರೆ ನೀನು ಕೌಂಟರಿನಲ್ಲಿ ಫೋನ್ ಎತ್ಕೊಂಡಿರು, ನಾನು ಯಾರನ್ನಾದ್ರೂ ಕೆಲಸಕ್ಕೆ ತಗೋತೀನಿ. ಗಿರಾಕಿಗಳು ಕಿವೀಲಿ ಕೇಳಿದ್ರೇನೇ ನಂಬೋದು."

ಒಡಿಲಿಯ ತಲೆಯಾಡಿಸಿದಳು. ಆ ಮೇಜನ್ನು ಅವಳು ಚಿಕ್ಕಂದಿನಿಂದ ಆಸೆಪಟ್ಟಿದ್ದಳು. ಮನೆಯಲ್ಲಿ ಸಂಜೆ ಜಪಮಾಲೆ ಹಿಡಿದಾಗ ಅಜ್ಜಿ ಒಂದು ಸಾಲು ಹೇಳುವರು, ಉಳಿದವರೆಲ್ಲ ತಗ್ಗಿದ ದನಿಯಲ್ಲಿ ಮುಂದಿನ ಸಾಲು ಕೂಡಿಸುವರು. ನೆಲದೊಳಗಿಂದ ಎದ್ದು ಬಂದಂತಹ ಆ ದನಿಯೇ ಅವಳು ಅರಿತ ಮೊದಲ ಬೇಸ್. ಅದನ್ನು ತಂತಿಯಲ್ಲಿ ಹಿಡಿದು ಕಾರಿನೊಳಗೆ ಕೂರಿಸುವುದನ್ನು ಅವಳು ಬರಿಯ ಕೆಲಸ ಎಂದುಕೊಂಡಿರಲಿಲ್ಲ.

ಹಸಿಂತೊ ತನ್ನ ದೊಡ್ಡಮ್ಮನ ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ. ಆ ವಾರ ಕೆಲಸ ಮುಗಿದ ಕೂಡಲೇ ಸಿಹಿ ಬನ್ನಿನ ಪೊಟ್ಟಣ ಹಿಡಿದು ಅಂಗಡಿಗೆ ಬಂದು ನಿಲ್ಲುತ್ತಿದ್ದ. ಅವನಿಗಿಂತ ಮುಂಚೆ ಅವನ ಅಂಗಿಯ ಚಕ್ಕೆಯ ಘಮ ಬರುತ್ತಿತ್ತು. ಟಾರ್ಚು ಹಿಡಿಯುವುದು ತನ್ನ ಕೆಲಸ ಎಂದು ಅವನೇ ನಿಶ್ಚಯಿಸಿಕೊಂಡ.

"ಟಾರ್ಚಿನ ಬೆಳಕು ಕಾರಿನ ಬ್ಯಾಟರಿ ಮೇಲೆ ಬಿಡಿ. ನನ್ನ ಮುಖದ ಮೇಲಲ್ಲ."

"ಕೈ ನಡುಗ್ತು."

"ಮುನ್ನೂರು ಡಿಗ್ರಿ ಒಲೆಯೊಳಗೆ ಕೈ ಹಾಕೋರಿಗೆ ಟಾರ್ಚು ಹಿಡಿಯೋಕೆ ನಡುಕವಾ?"

"ಒಲೆ ಬೈಯಲ್ಲ."

ಅವಳು ನಗು ಕಾಣದಿರಲೆಂದು ತಲೆ ತಗ್ಗಿಸಿದಳು. ಬ್ಯಾಟರಿಯಿಂದ ಹೊರಟ ದಪ್ಪ ತಂತಿಯನ್ನು ಕಾರ್ಪೆಟ್ಟಿನ ಕೆಳಗೆ ಹಾಯಿಸಿ ಡಿಕ್ಕಿಯಲ್ಲಿದ್ದ ಆಂಪ್ಲಿಫೈಯರಿಗೆ ತಂದಳು. ಅರ್ತಿಂಗ್ ತಂತಿ ಕಚ್ಚುವ ಕಡೆ ಬಣ್ಣವನ್ನು ಕೆರೆದು ಕಬ್ಬಿಣ ಮಿನುಗುವಂತೆ ಮಾಡಿದಳು. ವೂಫರುಗಳೆರಡನ್ನೂ ಮರದ ಪೆಟ್ಟಿಗೆಯಲ್ಲಿ ಮುಖ ಹೊರಗೆ ಬರುವಂತೆ ಕೂರಿಸಿದಳು. ಆಂಪ್‌ನಿಂದ ಎರಡೂ ವೂಫರುಗಳಿಗೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದಳು. ಎಲ್ಲ ಮುಗಿದ ಮೇಲೆ ಕಡೆಯದಾಗಿ ಫ್ಯೂಸು. ಅದನ್ನು ಕೈಯಲ್ಲಿ ಹಿಡಿದು ಹಣೆ, ಎದೆ, ಭುಜ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡಿದಳು.

"ಫ್ಯೂಸಿಗೂ ಪ್ರಾರ್ಥನೆನಾ?" ಎಂದ ಹಸಿಂತೊ.

"ಜೀವ ಬರೋ ಹೊತ್ತು. ಸುಮ್ಮನೆ ಹಾಕಬಾರದು."

ಅವನು ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾನೂ ಹಾಗೆಯೇ ಮಾಡಿದ. ಅಣಕಿಸುತ್ತಿದ್ದಾನೋ ಎಂದು ಅವಳು ಹಿಂದಿನೋಟದ ಕನ್ನಡಿಯಲ್ಲಿ ಕದ್ದು ನೋಡಿದಳು. ಅಣಕವಿರಲಿಲ್ಲ. ಕನ್ನಡಿಯೊಳಗಿನ ಕಣ್ಣುಗಳು ಇವಳನ್ನೇ ನೋಡುತ್ತಿದ್ದವು. ಇಬ್ಬರೂ ಒಟ್ಟಿಗೆ ಬೇರೆ ಕಡೆ ತಿರುಗಿದರು.

ಅಂದು ಬೇಸ್ ಹಾಡಿತು. ಅಂಗಡಿಯ ಗಾಜು ನಡುಗಿತು. ಹಸಿಂತೊ ಕಾರು ತೆಗೆದುಕೊಂಡು ಹೋದ.

ಭಾನುವಾರ ಪಾರ್ಕಿನ ಪಕ್ಕ ಕಾರುಗಳು ಬಾಗಿಲು ತೆರೆದು ಸಾಲಾಗಿ ನಿಂತಿದ್ದವು. ಜನ ರೊಟ್ಟಿಯಲ್ಲಿ ಬೆಂದ ಮಾಂಸ ಸುತ್ತಿದ ಟಾಕೊ ತಿನ್ನುತ್ತ, ಕೆಂಪು ಸೋಡ ಕುಡಿಯುತ್ತ ಒಂದು ಕಾರಿನಿಂದ ಇನ್ನೊಂದು ಕಾರಿಗೆ ಸರಿಯುತ್ತಿದ್ದರು. ನೇರಳೆ ಬಣ್ಣದ ತನ್ನ ಉದ್ದ ಕಾರಿನ ಮುಂದೆ ಹಸಿಂತೊ ಇಸ್ತ್ರಿ ಹಾಕಿದ ಅಂಗಿ ತೊಟ್ಟು ನಿಂತಿದ್ದ. ಕೂಕೊ ಮಡಚುವ ಕುರ್ಚಿಯಲ್ಲಿ ಕೂತಿದ್ದ. ಒಡಿಲಿಯ ಅವನ ಪಕ್ಕ ನಿಂತಿದ್ದಳು.

ಹಸಿಂತೊ ಹಾಡು ಹಾಕಿದ. ಅಕಾರ್ಡಿಯನ್ ವಾದ್ಯ ಮಾತ್ರ ಕೀಚಲಾಗಿ ಕೇಳಿಸಿತು. ಕೆಳಗಿನ ದನಿ ಇರಲೇ ಇಲ್ಲ. ಅವನು ವಾಲ್ಯೂಮ್ ಏರಿಸಿದ. ಕೀಚಲು ಜಾಸ್ತಿಯಾಯಿತು, ಅಷ್ಟೆ.

"ಏನೋ ಬೇಕರಿ, ಡಿಕ್ಕೀಲಿ ಸೊಳ್ಳೆ ಸಾಕಿದ್ದೀಯಾ?" ಪಕ್ಕದ ಕೆಂಪು ಟ್ರಕ್ಕಿನವನು ಕೇಳಿದ. "ಯಾರ ಹತ್ರ ಮಾಡಿಸಿದೆ?"

"ಕೂಕೊ ಅಂಗಡೀಲಿ. ಆ ಹುಡುಗಿ ಮಾಡಿದ್ದಂತೆ," ಎಂದಿತು ಇನ್ನೊಂದು ದನಿ. ಜನ ನಕ್ಕರು. ಕೂಕೊ ನಗಲಿಲ್ಲ. ಸೊಸೆಯ ಮುಖ ನೋಡಿದ, ಆಮೇಲೆ ತನ್ನ ಮಂಡಿ ನೋಡಿಕೊಂಡ.

ಒಡಿಲಿಯ ಹೋಗಿ ಡಿಕ್ಕಿ ಎತ್ತಿದಳು.

ಪೆಟ್ಟಿಗೆಯಲ್ಲಿ ಎಡಗಡೆಯ ವೂಫರ್ ಅವಳು ಕೂರಿಸಿದಂತೆಯೇ ಇತ್ತು. ಬಲಗಡೆಯದು ಜನರಿಗೆ ಬೆನ್ನು ತೋರಿಸಿಕೊಂಡು ಕೂತಿತ್ತು. ಮ್ಯಾಗ್ನೆಟ್ಟು ಹೊರಗೆ, ಮುಖ ಪೆಟ್ಟಿಗೆಯೊಳಗೆ. ಮ್ಯಾಗ್ನೆಟ್ಟನ್ನು ಯಾರೋ ಬಟ್ಟೆಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ್ದರು.

"ಇದನ್ನ ಯಾರು ತಿರುಗಿಸಿದ್ದು?"

"ನಾನು. ನಿನ್ನೆ," ಎಂದ ಹಸಿಂತೊ. "ತಂತಿ ಮುಟ್ಟಲಿಲ್ಲ. ಪ್ಲಸ್‌ಗೆ ಪ್ಲಸ್ಸೇ ಇದೆ."

ಅವಳು ಆಂಪ್‌ನಿಂದ ತಂತಿಗಳನ್ನು ಬಿಡಿಸಿ, ತನ್ನ ಟಾರ್ಚಿನಿಂದ ಒಂದು ಸೆಲ್ಲು ತೆಗೆದಳು. "ಒಂದು ಬೆರಳನ್ನ ಬಲಗಡೆಯದರ ಮೇಲಿಡಿ. ಹಾಗಲ್ಲ, ಬೆನ್ನಿನ ಕಂಬಿಗಳ ಸಂದಿಯಿಂದ ಒಳಗೆ, ಪೊರೆ ಮುಟ್ಟೋ ಹಾಗೆ. ಮೆಲ್ಲಗೆ." ಅವಳ ಬೆರಳು ಎಡಗಡೆಯದರ ಮೇಲಿತ್ತು. ಇನ್ನೊಂದು ಕೈಯಿಂದ ತಂತಿಗಳ ತುದಿಯನ್ನು ಸೆಲ್ಲಿಗೆ ತಾಗಿಸಿದಳು. ಟಪ್ ಎಂದಿತು.

"ನಂದು ಹೊರಗೆ ಬಂತು," ಎಂದಳು. "ನಿಮ್ಮದು?"

"ನಂದು ಒಳಗೆ ಹೋಯ್ತು."

"ಅದೇ ಆಗಿರೋದು. ಒಂದು ನೂಕಿದಾಗ ಇನ್ನೊಂದು ಎಳೀತಾ ಇದೆ. ಎರಡೂ ಮೈಮುರಿದು ದುಡೀತಿವೆ, ಒಂದರ ಗಾಳಿ ಇನ್ನೊಂದು ತಿಂದುಹಾಕ್ತಿದೆ. ತಿರುಗಿಸಿ ಕೂರಿಸಿದ್ರೆ ಅದರ ತಂತೀನೂ ಅದಲುಬದಲು ಮಾಡಬೇಕು." ಅವಳ ದನಿ ಸ್ವಲ್ಪ ಗಟ್ಟಿಯಾಯಿತು. "ಯಾಕೆ ತಿರುಗಿಸಿದ್ರಿ? ಇವತ್ತು ನನಗೆ ಎಂಥಾ ದಿನ ಅಂತ ಗೊತ್ತಿತ್ತಲ್ಲ ನಿಮಗೆ."

ಹಸಿಂತೊ ಡಿಕ್ಕಿಯ ಅಂಚನ್ನು ಉಗುರಿನಿಂದ ಕೆರೆದ. "ಡಬ್ಬದಿಂದ ತೆಗೆಯುವಾಗ ನೀವೇ ಹೇಳಿದ್ರಿ. ಎಲ್ಲರೂ ಇದರ ಮುಖ ನೋಡ್ತಾರೆ, ನನಗೆ ಬೆನ್ನು ಇಷ್ಟ, ತಾಮ್ರದ ತಂತಿಯ ಜಡೆ ಎಲ್ಲ ಕಾಣುತ್ತೆ ಅಂತ. ಇವತ್ತು ಡಿಕ್ಕಿ ಎತ್ತಿದಾಗ ನಿಮಗೆ ಕಾಣಲಿ ಅಂತ."

ಹಾಗೆ ಹೇಳಿದ್ದು ಅವಳಿಗೆ ನೆನಪೇ ಇರಲಿಲ್ಲ. ಬೇಕಿದ್ದರೆ ಆಗಲೇ ಜನರತ್ತ ತಿರುಗಿ, ತಪ್ಪು ನನ್ನದಲ್ಲ, ಈತನದು ಎನ್ನಬಹುದಿತ್ತು. ಬಾಯಿ ತೆರೆದಳು. ಮಾತು ಬರುವಷ್ಟರಲ್ಲಿ ಅವನೇ ಅತ್ತ ತಿರುಗಿದ್ದ.

"ಕೇಳ್ರಪ್ಪಾ, ಒಡಿಲಿಯ ಮಾಡಿದ್ದು ಸರಿಯಾಗೇ ಇತ್ತು. ಕೈ ಹಾಕಿ ಕೆಡಿಸಿದ್ದು ನಾನು."

"ಹಾಡೋದನ್ನ ಯಾಕಯ್ಯ ತಿರುಗಿಸಿದೆ?" ಎಂದ ಕೆಂಪು ಟ್ರಕ್ಕಿನವನು.

"ಅವರಿಗೆ ಇಷ್ಟ ಅಂದಿದ್ರು. ಅದಕ್ಕೆ."

ಹಿಂದಿನಿಂದ ಯಾರೋ ಉದ್ದಕ್ಕೆ ಸಿಳ್ಳೆ ಹಾಕಿದರು. ಒಡಿಲಿಯ ತಲೆಯನ್ನು ಡಿಕ್ಕಿಯೊಳಗೆ ಇನ್ನಷ್ಟು ತೂರಿಸಿದಳು.

"ಮಗಳೇ," ಕೂಕೊ ಕುರ್ಚಿಯಿಂದಲೇ ಕೂಗಿದ, "ಅಲ್ಲೇ ಸಂಸಾರ ಹೂಡ್ಬೇಡ. ಕೆಲಸ ಮುಗಿಸಿ ಹೊರಗೆ ಬಾ."

"ಮೊದಲಿನ ಹಾಗೆ ತಿರುಗಿಸಿಬಿಡ್ತೀರಾ?" ಹಸಿಂತೊ ಮೆಲ್ಲಗೆ ಕೇಳಿದ.

"ಬೇಡ. ಹಾಗೇ ಇರಲಿ, ಚೆನ್ನಾಗಿದೆ." ಅವಳು ಆ ಒಂದು ವೂಫರಿನ ಎರಡು ತಂತಿಗಳನ್ನು ಮಾತ್ರ ಅದಲುಬದಲು ಮಾಡಿ, ಎಲ್ಲವನ್ನೂ ಆಂಪ್‌ಗೆ ಮರಳಿ ಬಿಗಿದಳು. "ಈಗ ಹಾಕಿ."

ಬೇಸ್ ನೆಲದಿಂದ ಬಂತು. ಕಾಲಿಗೆ ಮೊದಲು ತಿಳಿಯಿತು, ಎದೆಗೆ ಆಮೇಲೆ, ಕಿವಿಗೆ ಎಲ್ಲಕ್ಕಿಂತ ಕಡೆಗೆ. ಲೋಟಗಳಲ್ಲಿದ್ದ ಕೆಂಪು ಸೋಡ ಬಳೆ ಬಳೆಯಾಗಿ ನಡುಗಿತು. ಕೆಂಪು ಟ್ರಕ್ಕಿನ ಅಲಾರಾಂ ತಾನಾಗಿಯೇ ಕಿರುಚಲು ಶುರುಮಾಡಿತು, ಅದರ ಒಡೆಯ ಬೀಗದಕೈ ಹುಡುಕುತ್ತ ಓಡಿದ. ಮರಳಿ ಬಂದವನು ಕೂಕೊನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಅಂಗಡಿ ಎಷ್ಟೊತ್ತಿಗೆ ತೆಗೀತೀರಿ ನಾಳೆ?"

"ನನ್ನ ಕೇಳಿದ್ರೆ?" ಎಂದ ಕೂಕೊ. "ಮೇಜು ಅವಳದು. ಅವಳನ್ನ ಕೇಳು. ಮರ್ಯಾದೆಯಿಂದ ಕೇಳು."

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಕಾರುಗಳೆಲ್ಲ ಒಂದರ ಹಿಂದೊಂದು ನಡಿಗೆಯ ವೇಗದಲ್ಲಿ ಬೀದಿಗೆ ಹೊರಟವು. ಒಡಿಲಿಯ ಮಾವನ ಕಡೆ ನೋಡಿದಳು. ಅವನು ಟಾಕೊ ಪೊಟ್ಟಣ ಬಿಡಿಸುವುದರಲ್ಲಿ ಮುಳುಗಿದಂತೆ ನಟಿಸಿದ. ಅವಳು ನೇರಳೆ ಕಾರಿನ ಮುಂದಿನ ಸೀಟಿನಲ್ಲಿ ಕೂತಳು.

ಬೀದಿಯ ಎರಡೂ ಕಡೆ ಜನ ಮನೆಯ ಮೆಟ್ಟಿಲ ಮೇಲೆ ಕೂತು ಕೈ ಬೀಸುತ್ತಿದ್ದರು. ಬೇಸ್ ಸೀಟಿನ ಬೆನ್ನನ್ನು ತಟ್ಟುತ್ತಿತ್ತು. ಹಸಿಂತೊ ರಸ್ತೆಯ ಮೇಲೆಯೇ ಕಣ್ಣಿಟ್ಟು ಏನೋ ಹೇಳಿದ. ತುಟಿ ಅಲುಗಿದ್ದು ಕಂಡಿತು, ಮಾತು ಕೇಳಲಿಲ್ಲ. ಇನ್ನೊಮ್ಮೆ ಹೇಳಿದ. ಕಿವಿಯ ತುದಿ ಕೆಂಪಾಗುತ್ತಿದ್ದದ್ದು ಮಾತ್ರ ಚೆನ್ನಾಗಿ ಕಂಡಿತು.

ಅವಳು ಕೈ ಚಾಚಿ ಗುಂಡಿ ತಿರುಗಿಸಿ, ತಾನೇ ತಂತಿ ಎಳೆದು, ತಾನೇ ಬದುಕಿಸಿದ ಆ ಸದ್ದನ್ನು ಪೂರ್ತಿ ಇಳಿಸಿಬಿಟ್ಟಳು.

"ಈಗ ಹೇಳು," ಎಂದಳು.