ಮೊದಲು ಕೆಳಗಿನ ಜಾಯಿಂಟ್

ತಮಿಳು ಪಂಚಾಂಗದ ಚಿತ್ರೆ ತಿಂಗಳು ಮುಗಿಯುತ್ತಿತ್ತು. ಮಾವಿನಕಾಯಿ ತುಂಬಿದ ಲಾರಿಗಳು ಧರ್ಮಪುರಿ ರಸ್ತೆಯಲ್ಲಿ ಸಾಲುಗಟ್ಟಿದ್ದವು. ಬುಧವಾರ ಬೆಳಗ್ಗೆ, ಕುರಿಗಳನ್ನು ಮೇಯಲು ಅಟ್ಟಿ ಎಳೆಯ ಮರಿಗಳನ್ನು ಬುಟ್ಟಿಯಡಿ ಕೂರಿಸುವ ಹೊತ್ತಿಗೆ, ಅದಿಯಮಾನ್‌ಕೋಟೆಯ ಮೆಕ್ಯಾನಿಕ್ ಮೇಸ್ತ್ರಿ ಚಿನ್ನರಾಜನ ಶೆಡ್ಡಿನ ಮುಂದೆ ಒಂದು ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ ಟ್ರಕ್ ಬಂದು ನಿಂತಿತು. ಅದರ ಮುಂದಿನ ಚಕ್ರಗಳು ಕುಡಿದವನ ಕಾಲಿನ ಹಾಗೆ ಅಲ್ಲಾಡುತ್ತಿದ್ದವು.

ಇಳಿದವಳು ಹೆಂಗಸು. ಗಿಡ್ಡ ಕೂದಲು, ಕಪ್ಪು ಕನ್ನಡಕ. ಅವಳನ್ನು ನೋಡಿ ಚಿನ್ನರಾಜ ನಕ್ಕ.

ಶೆಡ್ಡಿನ ಹಿಂದಿನ ಹೊಲದಲ್ಲಿದ್ದ ಮುನಿಲಕ್ಷ್ಮಿಯ ಕೈಯಲ್ಲಿ ಮರಿ ಹಾಗೇ ಉಳಿಯಿತು. ಅಷ್ಟು ಅಗಲದ ನಗು ಗಿರಾಕಿಗೆ ನಗುವಂಥದ್ದಲ್ಲ.

ಪ್ರತಿ ಬೇಸಿಗೆ ಅವಳ ಅಪ್ಪ ಜವರಪ್ಪನ ಕುರಿಮಂದೆ ತಂಗುವುದು ಚಿನ್ನರಾಜನ ಆ ಹೊಲದಲ್ಲೇ. ರಾತ್ರಿ ಕುರಿ ಮಲಗಿದರೆ ನೆಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ರಾಗಿ ಅಳೆದು ಕೊಡುವುದು ಮೊದಲಿನಿಂದ ಬಂದ ರೂಢಿ. ಮಳೆ ಬೀಳುವ ಮುಂಚೆ ಮಂದೆ ಎದ್ದುಹೋಗುತ್ತದೆ. ಈ ಸಲ ಶುಕ್ರವಾರ ಎದ್ದರೆ ಎಡಪ್ಪಾಡಿ ಕಡೆಗೆ. ಅಲ್ಲಿ ಒಂದು ಮನೆಯವರು ಮುನಿಲಕ್ಷ್ಮಿಯನ್ನು ಕೇಳಿದ್ದರು. ಹೋದಾಗ ಮಾತು ಕೊಟ್ಟುಬಿಡುತ್ತೇನೆ ಎಂದಿದ್ದ ಜವರಪ್ಪ. ಅಷ್ಟರೊಳಗೆ ಅವಳನ್ನು ತನಗೆ ಕೊಡಿ ಎಂದು ಚಿನ್ನರಾಜ ಬಾಯಿ ಬಿಡಬೇಕಿತ್ತು. ಅವನೋ, ಬಾಯಿ ಬಿಟ್ಟಿದ್ದು ಈ ಕನ್ನಡಕದವಳ ಮುಂದೆ.

ಮಧ್ಯಾಹ್ನ ಅವಳು ಮಜ್ಜಿಗೆ ಚೊಂಬು ಹಿಡಿದು ಶೆಡ್ಡಿಗೆ ಹೋದಳು. ಟ್ರಕ್ಕಿನ ಮೂತಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ಒಂದು ಕಡೆಯ ಚಕ್ರ, ಬ್ರೇಕು, ಆಕ್ಸಲ್ ರಾಡು ಎಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಹರಡಿದ್ದವು. ಚಕ್ರವನ್ನು ಹಿಡಿದಿಡುವ ಕೀಲುಗಳಾದ ಬಾಲ್ ಜಾಯಿಂಟ್‌ಗಳು, ತುಕ್ಕು ತಿಂದ ಹಳೆಯವು, ಕಿತ್ತ ಹಲ್ಲಿನಂತೆ ಒಂದು ತಟ್ಟೆಯಲ್ಲಿ ಬಿದ್ದಿದ್ದವು.

ಚಿನ್ನರಾಜ ಹೊಸದನ್ನು ಒಳಗೆ ಒತ್ತುವ ಪ್ರೆಸ್ಸಿಗೆ ಸಿಕ್ಕಿಸಿ ಹಿಡಿದಿದ್ದ. ಎದುರಿಗೆ ಮಂಡಿಯೂರಿದ ಆ ಹೆಂಗಸು ಸ್ಪ್ಯಾನರಿಗೆ ತೊಡಿಸಿದ ಉದ್ದ ಪೈಪನ್ನು ಎಳೆಯುತ್ತಿದ್ದಳು.

ಆ ಪೈಪು ಹಿಡಿಯುವುದು ಮುನಿಲಕ್ಷ್ಮಿಯ ಕೆಲಸ.

"ಕೀಳೆ ಮುದಲ್ಲ, ಡಾಕ್ಟರ್," ಎನ್ನುತ್ತಿದ್ದ ಅವನು ತಮಿಳಿನಲ್ಲಿ. ಕೆಳಗಿನ ಜಾಯಿಂಟು ಮೊದಲು ಕೂರಬೇಕು, ಗಾಡಿಯ ಹೊರೆ ಹೊರುವುದು ಅದೇ. ಮೇಲಿನದು ಚಕ್ರವನ್ನು ನೆಟ್ಟಗೆ ಹಿಡಿಯುತ್ತದೆ, ಅದು ಆಮೇಲೆ. ಹೋದ ಬೇಸಿಗೆ ಬೇರೊಂದು ಗಾಡಿಯ ಕೆಳಗೆ ಇವೇ ಮಾತುಗಳನ್ನು ಮುನಿಲಕ್ಷ್ಮಿಗೆ ಹೇಳಿಕೊಟ್ಟಿದ್ದ. ತನಗೆಂದೇ ಹೇಳಿದ್ದು ಎಂದುಕೊಂಡು ಅವಳು ಅವನ್ನು ವರ್ಷವಿಡೀ ಕುರಿಗಳ ಹಿಂದೆ ಹೊತ್ತು ತಿರುಗಿದ್ದಳು.

"ಯಾರಿವ್ಳು?" ಎಂದಳು ಕನ್ನಡದಲ್ಲಿ.

ಆ ಶೆಡ್ಡಿನಲ್ಲಿ ಕನ್ನಡ ಅವರಿಬ್ಬರದೇ. ಬರುವ ಗಿರಾಕಿಗಳೆಲ್ಲ ತಮಿಳಿನವರು. ಅವರ ಎದುರೇ ಚಿನ್ನರಾಜ, "ಈವಪ್ಪನ ಮೀಸೆ ನೋಡು, ಸೈಲೆನ್ಸರ್ ಅಂಗೈತೆ," ಎನ್ನುವನು. ಅವಳು ಸೆರಗು ಕಚ್ಚಿ ನಗುವಳು.

"ಸೇಲಮ್ ಪಲ್ಲು ಡಾಕ್ಟ್ರು. ಬೆಟ್ಟದ ಸ್ಕೂಲಿಗೆ ಓಗಿ ಐಕ್ಳ ಅಲ್ಲು ನೋಡ್ತಾರೆ."

"ಓಹೋ! ಅದ್ಕೇ ಬಂದಾಗಿಂದ ಮೂವತ್ತೆರಡೂ ತೋರಿಸ್ತಾ ಕೂತಿದ್ದೀಯ. ಒಣಗಿದ ಸೀಗೇಕಾಯಿ ಅಂಗವ್ಳೆ, ಅದೇನ್ ಕಂಡ್ಯೋ!"

ಪೈಪು ನಿಂತಿತು. ಆ ಹೆಂಗಸು ಕನ್ನಡಕ ತೆಗೆದು ಮುನಿಲಕ್ಷ್ಮಿಯನ್ನು ನೋಡಿದಳು.

"ಸೀಗೇಕಾಯಿ ಅಂದಿದ್ದು ಸರಿ ಕಣಮ್ಮ. ನಮ್ಮ ತಾಯೀನೂ ಹಾಗೇ ಬೈಯೋರು. ನನ್ನ ಹೆಸರು ಅಪರ್ಣಾ. ನಮ್ಮನೇಲೂ ಕನ್ನಡಾನೇ."

ಮುನಿಲಕ್ಷ್ಮಿ ಮಜ್ಜಿಗೆಯನ್ನು ಅಲ್ಲೇ ಕುಕ್ಕಿ ಹೊಲದ ಕಡೆ ತಿರುಗಿದಳು. ಚಿನ್ನರಾಜನ ಮುಖ ಮಾತ್ರ ಅರಳಿತು. "ಇದೇನ್ ಡಾಕ್ಟ್ರೇ, ಇಷ್ಟು ದಿನ ಏಳ್ಲೇ ಇಲ್ವಲ್ಲ!"

ಆಮೇಲೆ ಸಂಜೆಯವರೆಗೆ ಶೆಡ್ಡಿನಿಂದ ಕನ್ನಡವೇ ಕೇಳುತ್ತಿತ್ತು. ಪೈಪ್ ಇಡ್ಕಳಿ ಡಾಕ್ಟ್ರೇ, ಸಾಕು ಬಿಡಿ ಡಾಕ್ಟ್ರೇ. ಕೊನೆಗೆ ಆ ಸೈಲೆನ್ಸರ್ ಮೀಸೆಯ ಮಾತೂ ಬಂತು, ಡಾಕ್ಟರಮ್ಮ ಗೊಳ್ಳನೆ ನಕ್ಕಳು. ಹೊಲದಲ್ಲಿ ಕೂತ ಮುನಿಲಕ್ಷ್ಮಿಗೆ ಅಳು ಬಂತು. ಬಾಗಿಲು ತೆರೆದುಕೊಟ್ಟವಳು ತಾನೇ. ಅವಳು ಸುಮ್ಮನಿದ್ದಿದ್ದರೆ ಆ ಮಾತುಗಳು ಅವಳೊಬ್ಬಳವೇ ಆಗಿರುತ್ತಿದ್ದವು.

ಇನ್ನೊಂದು ಕಡೆಯ ಚಕ್ರ ಗುರುವಾರಕ್ಕೆ ಉಳಿಯಿತು. ಬೆಳಗ್ಗೆ ಡಾಕ್ಟರಮ್ಮ ನೇರ ಹೊಲಕ್ಕೇ ಬಂದಳು. ಮುನಿಲಕ್ಷ್ಮಿ ಮುಖ ತಿರುಗಿಸಿದಳು.

"ಇನ್ನೂ ಕೋಪಾನಾ? ನಿಮ್ಮ ಕುರಿ ವರ್ಷವರ್ಷ ಇಲ್ಲೇ ಮಲಗೋದಾ?"

"ಊಂ. ಮೇಸ್ತ್ರಿ ವಲಕ್ಕೆ ಗೊಬ್ರ ಬ್ಯಾಡ್ವಾ?"

"ಯಾಕೆ ಬೇಕು?"

"ಇದೊಳ್ಳೆ ಕೇಳ್ತೀರಲ್ಲ. ರಾಗಿ ಬಿತ್ತಾಕೆ!"

ಅಪರ್ಣಾ ಹೊಲವನ್ನೊಮ್ಮೆ ನೋಡಿದಳು. "ಐಪ್ಪಸಿ ಮಳೇಲಿ, ದೀಪಾವಳಿ ಹೊತ್ತಿಗೆ, ನಾನು ಇಲ್ಲಿಗೆ ಬಂದಿದ್ದೆ. ಅದರ ಹಿಂದಿನ ವರ್ಷವೂ ಬಂದಿದ್ದೆ. ಬರೀ ತುಂಬೆಗಿಡ, ಹಳೇ ಟಯರು. ರಾಗಿ ಎಲ್ಲೂ ಕಾಣ್ಲಿಲ್ಲಮ್ಮ."

ಈ ಹೊಲವನ್ನು ಮುನಿಲಕ್ಷ್ಮಿ ನೋಡಿದ್ದು ಬೇಸಿಗೆಯಲ್ಲಿ ಮಾತ್ರ. ಮಂದೆಯವರಿಗೆ ಯಾವ ಹೊಲದ ಬೆಳೆಯೂ ಕಾಣುವುದಿಲ್ಲ. ಕುರಿ ಮಲಗಿದ ನೆಲವೆಂದರೆ ಬಿತ್ತುವ ನೆಲ, ಅಷ್ಟೇ. ಬಿತ್ತದ ನೆಲಕ್ಕೆ ರಾಗಿ ಕೊಟ್ಟು ಮಂದೆ ಕರೆಯುವವನನ್ನು ಅವಳ ಅಜ್ಜನೂ ಕಂಡಿರಲಾರ.

ಅವಳು ಎದ್ದು ಶೆಡ್ಡಿಗೆ ನಡೆದಳು. ಚಿನ್ನರಾಜ ಚಕ್ರದ ಜಾಗದಲ್ಲಿ ಕೂತು ಕೆಳಗಿನ ನಟ್ಟು ಬಿಗಿಯುತ್ತಿದ್ದ. ಮೇಲಿನದು ಇನ್ನೂ ಸಡಿಲವಾಗಿತ್ತು.

"ಮೇಸ್ತ್ರಿ, ಶೆಡ್ ಇಂದ್ಗಡೆ ವಲಕ್ಕೆ ಏನ್ ಬಿತ್ತೀಯ?"

ಸ್ಪ್ಯಾನರು ನಿಂತಿತು.

"ನಿನ್ನೇ ಕೇಳಿದ್ದು. ನಮ್ಗೆ ಕೊಡೋ ರಾಗಿ ಎಲ್ಲೀದು?"

"...ಮೊರಪ್ಪೂರು ಸಂತೇದು."

"ಅಯ್ಯೋ ಪಾಪಿ! ಚಿನ್ನರಾಜನ ವಲದ ರಾಗಿ ಅಂತ ಮುದ್ದೆ ತಿರುವಿ ತಿರುವಿ ಇಕ್ಕಿದ್ದೀನಿ ನಾನು! ಬಾಯ್ಬಿಟ್ಟು ಏಳಾಕೇನಾಗಿತ್ತು?"

ಅವನು ಗ್ರೀಸು ಮೆತ್ತಿದ ಕೈಯನ್ನೇ ನೋಡುತ್ತ ಹೇಳಿದ: "ಗೊಬ್ರ ಬೇಕು ಅಂದ್ರೆ ನಿಮ್ಮಪ್ಪ ಬತ್ತಾನೆ. ನೀನ್ ಬೇಕು ಅಂದ್ರೆ ಬತ್ತಿದ್ನಾ?"

ನಿನ್ನೆಯಿಂದ ಉರಿಯುತ್ತಿದ್ದುದು ಅವಳ ಎದೆಯಲ್ಲಿ ಆರಿತು. ಸಿಟ್ಟು ಮಾತ್ರ ಬಿಡಲಿಲ್ಲ, ಬಿಡಲು ಮನಸ್ಸೂ ಇರಲಿಲ್ಲ.

"ಮತ್ತೆ ಆ ಡಾಕ್ಟ್ರಮ್ಮನಿಗೆ ಅಷ್ಟು ನಗು ಯಾಕೆ?"

"ನಾಳೆ ನೀನ್ ಓಗ್ತೀಯಲ್ಲ ಅಂತ ಎದೆ ಡವಡವ ಅಂತಿತ್ತು. ನಗ್ದೇ ಇದ್ರೆ ಅಳು ಬತ್ತಿತ್ತು ಕಣೇ."

ಅವಳು ಪೈಪನ್ನು ಎತ್ತಿಕೊಂಡಳು. ಎದುರಿಗೆ ಮಂಡಿಯೂರಿ ಎಳೆದಳು. ನಟ್ಟು ಬಿಗಿಯುವವರೆಗೆ ಅವನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.

"ಒರೆ ಒರೋ ಕೆಳಗಿನ ಜಾಯಿಂಟು ಮೊದ್ಲು ಕೂರ್ಬೇಕು ಅಂದ್ಯಲ್ಲ? ಓಗು ಅಪ್ಪನತ್ರ. ನಾನು ಆಮೇಲೆ."

ಮೇಲಿನ ನಟ್ಟು ಬಿಗಿದು, ಪಿನ್ನು ಮಡಿಸಿ, ಚಿನ್ನರಾಜ ಕೈ ತೊಳೆಯುವುದನ್ನೂ ಮರೆತು ಹೊಲಕ್ಕೆ ಹೋದ. ಯಾವತ್ತೂ ಯಜಮಾನ್ರೇ ಎನ್ನುತ್ತಿದ್ದವನು ಹುಣಸೆಮರದ ಕೆಳಗೆ ನಿಂತು, "ಮಾವಾ," ಎಂದ.

ಜವರಪ್ಪ ಎಲೆ ಅಡಿಕೆ ಜಗಿಯುತ್ತಲೇ ಅವನ ಕಡೆ ತಿರುಗಿದ.

"ವರ್ಸಕ್ಕೊಂದು ತರಾ ರಾಗಿ ಕೊಡ್ತಿದ್ದೆ ನೀನು. ಒಂದೇ ವಲದ್ದು ಅಲ್ಲ ಅಂತ ಗೊತ್ತಿತ್ತು ಕಣಪ್ಪ. ಇಷ್ಟು ತಡವಾ? ಎಡಪ್ಪಾಡಿಯೋರಿಗೆ ಈಗ ನಾನ್ ಏನ್ ಏಳ್ಲಿ?"

"ನನ್ ಮಗ್ಳು ಗೊಬ್ರ ಆಕಿರೋ ವಲ ಇಲ್ಲೇ ಐತೆ ಅಂತ ಏಳಪ್ಪ," ಎಂದಳು ಮುನಿಲಕ್ಷ್ಮಿ ಹಿಂದಿನಿಂದ. ಮುದುಕ ನಗು ತಡೆಯಲಾರದೆ ಎಲೆ ಅಡಿಕೆ ಉಗುಳಿದ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ ಎಂದು ಅಲ್ಲೇ ಮಾತಾಯಿತು. ಅಲ್ಲಿಯವರೆಗೆ ಕುರಿಗಳ ಹಿಂದೆ ನಡೆಯಲು ಜವರಪ್ಪನಿಗೆ ಅವಳಲ್ಲದೆ ಬೇರೆ ಯಾರಿದ್ದರು?

"ಮಳೆ ಬಿದ್ದ ತಕ್ಷಣ ರಾಗಿ ಬಿತ್ತು," ಎಂದಳು ಹೊರಡುವಾಗ. "ನಾನ್ ಬಂದು ನೋಡ್ಬೇಕು. ಆ ಪೈಪ್ನ ಇನ್ಯಾರ್ ಕೈಗಾದ್ರೂ ಕೊಟ್ಟೀಯ, ಉಷಾರ್!"

"ಡಾಕ್ಟ್ರು ಬಂದ್ರೆ?"

"ಡಾಕ್ಟ್ರಾದ್ರೂ ಅಷ್ಟೇ. ತಮಿಳಲ್ಲಿ ಮಾತಾಡು."

ಅಪರ್ಣಾಳ ಟ್ರಕ್ಕು ಗುರುವಾರ ಸಂಜೆಯೇ ಹೋಗಿತ್ತು, ಚಕ್ರ ಅಲುಗದೆ, ನೆಟ್ಟಗೆ. ಶುಕ್ರವಾರ ಬೆಳಗ್ಗೆ ಮಂದೆ ಎದ್ದು ಎಡಪ್ಪಾಡಿ ದಾರಿ ಹಿಡಿಯಿತು. ಮುನಿಲಕ್ಷ್ಮಿಯೂ ಹೋದಳು.