ಲಕೋಟೆಯ ಮೇಲಿನ ಊರು

ರುವಾನ್ ತಾತ ಕುರ್ಚಿಯಲ್ಲೇ ಸತ್ತಿದ್ದರು. ಹಿಂದಲೆಗೆ ಪೆಟ್ಟು. ಮೇಜಿನ ಮೇಲೆ ಎರಡು ಲೋಟ ಚಹಾ, ಒಂದು ಭೂತಗನ್ನಡಿ, ಸಾಲಾಗಿ ಜೋಡಿಸಿದ ಐದು ಹಳೇ ಲಕೋಟೆ.

ಇನ್ಸ್‌ಪೆಕ್ಟರ್ ಚುವಾಂಗ್ ಒಂದೊಂದನ್ನೇ ನೋಡಿದಳು. ತಾತ ಮೂವತ್ತು ವರ್ಷ ಶಿಯಾಮೆನ್ ಬಂದರಿನಲ್ಲಿ ವಿದೇಶಿ ಟಪಾಲು ವಿಂಗಡಿಸಿದವರು.

"ಕೆಳಮನೆಯ ತು ಅನ್ನೋನು ಮೊನ್ನೆ ನಲ್ಲಿ ಜಗಳದಲ್ಲಿ ಇವರನ್ನ ಮುಗಿಸ್ತೀನಿ ಅಂದಿದ್ದ, ಮೇಡಂ," ಅಂದ ಪೇದೆ.

ವಿಚಾರಿಸಿದರೆ, ತು ನಿನ್ನೆಯಿಡೀ ಮೀನುದೋಣಿಯಲ್ಲಿದ್ದ. ಒಂಬತ್ತು ಜನ ಸಾಕ್ಷಿ.

* * *

ಪಕ್ಕದ ಮನೆಯ ಗುಯಿಲಾನ್ ಅಜ್ಜಿಯ ಗಂಡ ಮನಿಲಾಕ್ಕೆ ಹೋಗಿ ಮೂವತ್ತೇಳು ವರ್ಷ. ಸುದ್ದಿಯೇ ಇಲ್ಲ. ಕಳೆದ ವಾರ ಸಾಕುಮಗ ತ್ಯಾನ್‌ಫುಗೆ ಅವಳ ಸತ್ತ ಅತ್ತೆಯ ಪೆಟ್ಟಿಗೆಯಲ್ಲಿ ಆ ಗಂಡನ 1948ರ ಪತ್ರವೊಂದು ಸಿಕ್ಕಿತಂತೆ.

"ನನ್ನ ಮರೆತಿಲ್ಲ ಅಂತ ಬರೆದಿದ್ದಾರಮ್ಮ. ಮನೆ ತ್ಯಾನ್‌ಫುಗೆ ಅಂತಾನೂ."

"ತಾತನಿಗೆ ತೋರಿಸಿದ್ರಾ?"

"ಇನ್ನೊಂದ್ಸಲ ಓದಿಸ್ಕೊಳ್ಳೋಣ ಅಂತ ನಿನ್ನೆ ಮಧ್ಯಾಹ್ನ ಕೊಟ್ಟೆ. ಇಲ್ಲೇ ಇರ್ಲಿ, ಸಂಜೆ ಮಗನ್ನ ಕಳಿಸು ಅಂದ್ರು."

"ಈಗ ನಿಮ್ಮ ಕೈಲೇ ಇದೆಯಲ್ಲ?"

"ತ್ಯಾನ್‌ಫುನೇ ತಂದ್ಕೊಟ್ಟ."

ಚುವಾಂಗ್ ಲಕೋಟೆ ತಿರುಗಿಸಿದಳು. ಇಂಗ್ಲಿಷಿನಲ್ಲಿ ಟೈಪು ಮಾಡಿದ ವಿಳಾಸ. ಊರು: ಶಿಯಾಮೆನ್. ತಾತನ ಮೇಜಿನ ಐದೂ ಲಕೋಟೆಗಳ ಮೇಲಿದ್ದ ಊರು: ಅಮಾಯ್.

* * *

ತ್ಯಾನ್‌ಫು ಕಾರ್ಖಾನೆಯಲ್ಲಿ ಹೊರದೇಶಕ್ಕೆ ಹೋಗುವ ಪೆಟ್ಟಿಗೆಗಳಿಗೆ ಇಂಗ್ಲಿಷ್ ವಿಳಾಸದ ಚೀಟಿ ಟೈಪು ಮಾಡುತ್ತಿದ್ದ.

"ಪಕ್ಕದ ಚಾಂಗ್‌ಚೌ ಕಡೆಯವರು ನಮ್ಮೂರನ್ನ ಎಮುಯ್ ಅಂತಾರೆ," ಅಂದಳು ಚುವಾಂಗ್. "ಹಡಗಿನ ಬಿಳಿಯರ ಕಿವಿಗೆ ಅದು ಅಮಾಯ್ ಆಯ್ತು. ನಿನ್ನಪ್ಪನ ಕಾಲದಲ್ಲಿ ಲಕೋಟೆ ಮೇಲೆಲ್ಲ ಅದೇ. ಶಿಯಾಮೆನ್ ಅನ್ನೋ ಬೀಜಿಂಗ್ ಉಚ್ಚಾರದ ಈ ಕಾಗುಣಿತ ಸರ್ಕಾರ ತಂದಿದ್ದೇ ಪತ್ರದ ತಾರೀಖಿಗೆ ಹತ್ತು ವರ್ಷ ಆದ್ಮೇಲೆ. ದಿನಾ ಟೈಪು ಮಾಡಿ ನಿನಗೆ ಕೈರೂಢಿ. ಪತ್ರ ಖೋಟಾ ಅಂತ ತಾತ ಹಿಡಿದ್ರು. ಸಂಜೆ ಅಲ್ಲಿಗೆ ಹೋಗದೆ ಪತ್ರ ನಿನ್ನ ಕೈಗೆ ಹೇಗೆ ಬಂತು?"

ಅವನ ಬೆರಳು ನಿಂತವು.

"ವಿದೇಶಕ್ಕೆ ಹೋದವರಿಂದ ಸರ್ಕಾರ ಕಿತ್ಕೊಂಡಿದ್ದ ಮನೆಗಳನ್ನ ಈಗ ವಾಪಸ್ ಕೊಡ್ತಿದಾರೆ. ಮನೆ ನನಗೆ ಸೇರಿದ್ದು ಅನ್ನೋಕೆ ನನ್ನ ಹತ್ರ ಕಾಗದ ಇರ್ಲಿಲ್ಲ. ತಾತ ಬೈಯಲಿಲ್ಲ ಮೇಡಂ. ಅಮ್ಮನಿಗೆ ನೀನೇ ಹೇಳು ಅಂದ್ರು, ಅಷ್ಟೆ. ಅದೊಂದು ನನ್ನ ಕೈಲಾಗ್ತಿರ್ಲಿಲ್ಲ."

* * *

ಹೇಳುವ ಕೆಲಸ ಚುವಾಂಗ್ ಪಾಲಿಗೆ ಬಂತು. ಅಜ್ಜಿ ಕೊನೆವರೆಗೂ ಕೇಳಿದಳು.

"ಹಾಗಾದ್ರೆ ಅವರು ಒಂದಕ್ಷರಾನೂ ಬರೀಲಿಲ್ಲ?"

"ಇಲ್ಲ ಅಜ್ಜಿ."

"ತ್ಯಾನ್‌ಫುನ ಬಿಡ್ತಾರಾ?"

ಸರ್ಕಾರ ಕಠಿಣವಾಗಿದ್ದ ಆ ವರ್ಷ ಕೊಲೆಗೆ ಗುಂಡೇಟೇ ಶಿಕ್ಷೆ. ಚುವಾಂಗ್ ಇಲ್ಲವೆಂದು ತಲೆಯಾಡಿಸಿದಳು.

"ಬೆಳಿಗ್ಗೆ ಗಂಜಿ ಕುಡೀದೇ ಹೋದ," ಅಂದಳು ಅಜ್ಜಿ. "ಠಾಣೇಲಿ ಏನಾದ್ರೂ ಕೊಡ್ತಾರೇನಮ್ಮ?"