ಸುರಂಗದಲ್ಲಿಟ್ಟ ಬೊಂಬೆ

"ನಿಮ್ಮ ಕೂದಲು ಹಾಕ್ಬೇಡಿ. ಯಾರ ಕೂದಲು ಉಂಟೋ ಅವರನ್ನೇ ಹಿಡಿಯುದು," ಎಂದಳು ಹರಿಣಾಕ್ಷಿ.

ಅಚ್ಚುತ ಗುರೂಜಿ ನಕ್ಕರು. ಅಕ್ಕಿಹಿಟ್ಟಿನ ಬೊಂಬೆಯ ನೆತ್ತಿಗೆ ತಮ್ಮದೇ ಗಡ್ಡದ ಎಳೆಗಳನ್ನು ಅಂಟಿಸಿ, ಕುಂಕುಮ ಮೆತ್ತಿ, ಹೆಂಡತಿಯ ಮುಖದ ಮುಂದೆ ಹಿಡಿದರು. "ಹಿಡಿಯುದಕ್ಕೆ ಇದರಲ್ಲಿ ಎಂತ ಉಂಟು ಮಾರಾಯ್ತಿ? ಬರೀ ಹಿಟ್ಟು."

ಒಮ್ಮೆ ಹಿಡಿದರೆ ಇಟ್ಟವರೇ ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ಬೇರೆ ದಾರಿಯಿಲ್ಲ ಎಂದು ತನ್ನ ಅಜ್ಜಿ ಹೇಳುತ್ತಿದ್ದುದನ್ನು ಅವಳು ನೆನಪಿಸಿದಳು. ಗುರೂಜಿ ಅದಕ್ಕೂ ನಕ್ಕರು. ಮಾಟ ತೆಗೆದೇ ಹೆಸರು ಮಾಡಿದವರಿಗೆ ಮಾಟದಲ್ಲಿ ನಂಬಿಕೆ ಇರಲೇಬೇಕೆಂದು ಎಲ್ಲಿದೆ?

ಪುತ್ತೂರಿನಿಂದ ಕಡಬದ ಈ ಹಳ್ಳಿಗೆ ಬಂದು ಅವರು ಆಶ್ರಮ ಕಟ್ಟಿ ವರ್ಷವಾಗಿತ್ತು. ಊರ ಒಳಿತು ಎಂಬ ಮಾತು ಅವರ ಬಾಯಲ್ಲಿ ವೀಳ್ಯದ ಹಾಗೆ ಸದಾ ಇರುತ್ತಿತ್ತು. ಇಲ್ಲದ್ದು ನೀರು. ಆಶ್ರಮದ ಹೊಸ ಕೆರೆ ಒಣಗಿ ಬಿರಿದಿತ್ತು. ಮೇಲಿನ ಗುಡ್ಡೆಯಲ್ಲಿ ತಿಮ್ಮಕ್ಕನ ಗಂಡ ಬದುಕಿದ್ದಾಗ ನೀರಿಗೆಂದು ಗುಡ್ಡೆಯೊಳಕ್ಕೆ ಅಡ್ಡ ಕೊರೆದ ಸುರಂಗ ಮಾತ್ರ ಬೇಸಗೆಯಲ್ಲೂ ಹರಿಯುತ್ತಿತ್ತು. ಅವಳಿಗೆ ಅದು ಬಿಟ್ಟರೆ ಬೇರೆ ನೀರಿಲ್ಲ, ಗುರೂಜಿ ಕೇಳಿದಾಗ ಕೊಡಲಿಲ್ಲ. ಅಷ್ಟರಲ್ಲಿ ಊರಿಗೆ ಜ್ವರ ಬಂತು. ಸುರಂಗದೊಳಗೆ ಮಾಟವಿದೆ, ಅದನ್ನು ತೆಗೆದು, ಸುರಂಗದ ಬಾಯಿ ಕಟ್ಟಿ, ನೀರನ್ನು ಆಶ್ರಮದ ಕೆರೆಗೆ ತಿರುಗಿಸಿದರೇ ಶುದ್ಧಿ ಎಂದು ಗುರೂಜಿ ಕವಡೆ ಹರಡಿ ಪ್ರಶ್ನೆ ಇಟ್ಟು ಹೇಳಿದರು. ತಿಮ್ಮಕ್ಕನ ಅಂಗಳಕ್ಕೆ ಜನ ಕಾಲಿಡುವುದನ್ನು ಬಿಟ್ಟರು. ಅವಳ ಹಾಲನ್ನು ಡೈರಿಯವರೂ ಮುಟ್ಟಲಿಲ್ಲ.

ಮಾಟ ತೆಗೆಯುವ ದಿನ ಹಾಡುಹಗಲಲ್ಲೇ ಊರೆಲ್ಲ ಸುರಂಗದ ಮುಂದೆ ನೆರೆಯಿತು. ಗುರೂಜಿ ಟಾರ್ಚ್ ಹಿಡಿದು, ಬಗ್ಗಿ ಒಳಹೊಕ್ಕರು. ಬಾವಲಿ ಹಿಕ್ಕೆಯ ನಾತ. ಪಾದಕ್ಕೆ ತಣ್ಣನೆಯ ಕೆಸರು. ತಾವೇ ಕದ್ದುಮುಚ್ಚಿ ಬಂದು ಬೊಂಬೆ ಇಟ್ಟಿದ್ದ ಗೋಡೆಯ ಗೂಡಿಗೆ ಬೆಳಕು ಬಿಟ್ಟರು.

ಗೂಡು ಖಾಲಿ.

ಸುಟ್ಟ ಕೂದಲಿನ ವಾಸನೆ ಬಂತು. ನೀರಿನ ಸದ್ದು ನಿಂತಿತು. ಟಾರ್ಚ್ ಆರಿತು. ಪಾದದ ಮೇಲೆ ಏನೋ ಹತ್ತಿತು, ಕಲಸಿದ ಹಿಟ್ಟಿನಷ್ಟು ಮೆತ್ತಗೆ. ಮೊಣಕಾಲು. ಹೊಟ್ಟೆ. ಗಂಟಲು. ಕಿರುಚಲು ಬಾಯಿ ತೆರೆದರು. ಬಾಯಿ ತುಂಬ ಕೂದಲು. ಎಳೆದರು. ಮುಗಿಯಲಿಲ್ಲ. ಮತ್ತೆ ಎಳೆದರು. ಉಸಿರಿಲ್ಲ. ಹೆಂಡತಿಯ ಮಾತು ನೆನಪಾಯಿತು.

"ಇಟ್ಟದ್ದು ನಾನು," ಎಂದರು ಕೂದಲಿನ ನಡುವೆಯೇ. "ನಾನೇ ಇಟ್ಟದ್ದು."

ಗಂಟಲು ಸಡಿಲವಾಯಿತು. ನೀರು ಹರಿಯಿತು. ಬೊಂಬೆ ಅವರ ಮುಷ್ಟಿಯಲ್ಲಿತ್ತು.

ತೆವಳಿಕೊಂಡು ಹೊರಬಂದರು. ಸುರಂಗ ಅವರ ಮಾತನ್ನು ಹೊರಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಊರೆಲ್ಲ ಕೈಮುಗಿದು ನಿಂತಿತ್ತು.

"ಮಾಟವೇ ಗುರುಗಳ ಬಾಯಲ್ಲಿ ಮಾತಾಡಿದ್ದು," ಎಂದು ತಿಮ್ಮಕ್ಕನ ನೆರೆಮನೆಯ ದುಗ್ಗಪ್ಪ ಕಣ್ಣೊರೆಸಿಕೊಂಡ. "ನಮ್ಮ ಪಾಪವನ್ನು ತಾವು ತಗೊಂಡ್ರು."

ತಿಮ್ಮಕ್ಕ ಕೈಮುಗಿಯಲಿಲ್ಲ. "ಒಳಗೆ ಹೇಳಿದ್ದನ್ನು ಇಲ್ಲಿ ಒಮ್ಮೆ ಹೇಳಿ ಗುರುಗಳೇ," ಎಂದಳು.

ಹೇಳಬಹುದಿತ್ತು. ಬಾಯಿ ಖಾಲಿಯಿತ್ತು. ನಾಚಿಕೆಯಿಂದ ಅವರ ಕಿವಿ ಸುಡುತ್ತಿತ್ತು, ತಲೆ ಎತ್ತಲಾಗಲಿಲ್ಲ. ಆದರೆ ಅಷ್ಟೊಂದು ಮುಗಿದ ಕೈಗಳನ್ನು ಕಳೆದುಕೊಳ್ಳುವ ಧೈರ್ಯವೂ ಬರಲಿಲ್ಲ. ಹರಿಣಾಕ್ಷಿ ನೆಲ ನೋಡುತ್ತ ನಿಂತಿದ್ದಳು.

"ಊರ ಒಳಿತಿಗೆ ಬಾಯಿ ಕಟ್ಟಿಬಿಡಿ," ಎಂದರು ಗುರೂಜಿ.

ಸಂಜೆಯೊಳಗೆ ಸುರಂಗದ ಬಾಯಿಗೆ ಕಲ್ಲು ಬಿತ್ತು, ಪೈಪಿನಲ್ಲಿ ಆಶ್ರಮದ ಕೆರೆಗೆ ನೀರು ಬಂತು. ತಿಮ್ಮಕ್ಕ ಖಾಲಿ ಕೊಡ ಹಿಡಿದು ಆಶ್ರಮದ ಗೇಟಿನ ಹೊರಗೆ ಕಾಯುತ್ತಿದ್ದಳು. ಮೊದಲ ಬೊಗಸೆ ಗುರುಗಳದೇ ಆಗಬೇಕೆಂದು ಜನ ಹಟ ಹಿಡಿದರು. ಅವರು ಕುಡಿದರು. ನಾಲಗೆಗೆ ಒಂದು ಕೂದಲು ಸಿಕ್ಕಿತು.

ತೆಗೆಯೋಣವೆಂದರೆ ಎಲ್ಲರೂ ನೋಡುತ್ತಿದ್ದರು. ಗುರೂಜಿ ನಗುಮುಖದಲ್ಲೇ ನುಂಗಿದರು. ಹೊಟ್ಟೆಯೊಳಗೆ ಯಾರೋ ಅದರ ತುದಿ ಹಿಡಿದು ಮೆಲ್ಲಗೆ ಎಳೆಯತೊಡಗಿದರು.